ಮೂರು ಡಿಗ್ರಿ ಜ್ವರವೂ ಹೃದಯದ ಗುಳಿಗೆಯೂ

ಕಳೆದ ಮಳೆಗಾಲದ ಒಂದು ಬೆಳಿಗ್ಗೆ ಪಾಠ ಮುಗಿದ ಮೇಲೆ ವಿದ್ಯಾರ್ಥಿಯೊಬ್ಬನು ನಮ್ಮ ಬಳಿ ಬಂದು ನಿಂತನು. ಅವನ ತಾತನವರಿಗೆ ಎರಡು ದಿನಗಳಿಂದ ಜ್ವರ. ಹೃದಯದ ಬಡಿತವು ಲಯ ತಪ್ಪದಿರಲೆಂದು ಅವರು ಕೆಲವು ವರ್ಷಗಳಿಂದ ಗುಳಿಗೆ ಸೇವಿಸುತ್ತಿದ್ದರು. "ಸಾರ್, ಜ್ವರ ಇಳಿಯುವವರೆಗೆ ಆ ಗುಳಿಗೆ ನಿಲ್ಲಿಸೋಣ ಅಂತಾರೆ ದೊಡ್ಡಪ್ಪ. ಬೇಡ, ಎಂದಿನ ಹಾಗೆ ಕೊಡೋಣ ಅಂತಾರೆ ಅಮ್ಮ. ಯಾವುದು ಸರಿ?" ಎಂದು ಕೇಳಿದನು.

ನಾವು ವೈದ್ಯರಲ್ಲ. ಆದುದರಿಂದ ಅಲ್ಲಿಯೇ ಅವರ ವೈದ್ಯರಿಗೆ ಫೋನು ಮಾಡಿಸಿದೆವು. ಆದರೆ ಪ್ರಶ್ನೆಯು ನಮ್ಮ ಮನಸ್ಸಿನಲ್ಲಿ ಉಳಿಯಿತು. ಜ್ವರವೆಂದರೆ ಉಷ್ಣತೆಯ ಏರಿಕೆ. ಹೃದಯದ ಬಡಿತವೆಂದರೆ ವಿದ್ಯುತ್ತಿನ ವ್ಯಾಪಾರ. ಇವೆರಡೂ ಭೌತವಿಜ್ಞಾನದ ವಿಷಯಗಳೇ. ಇವುಗಳ ನಡುವೆ ಔಷಧವೊಂದು ಬಂದು ಸೇರಿದಾಗ ಏನಾಗುತ್ತದೆಂಬುದನ್ನು ನೋಡೋಣ.

ಒಂದು ಪಾಲು ಹೆಚ್ಚಿದರೆ ಏನು?

ಆರೋಗ್ಯವಂತನ ದೇಹದ ಉಷ್ಣತೆ ಸುಮಾರು 37 ಡಿಗ್ರಿ ಸೆಲ್ಸಿಯಸ್. ಜ್ವರ ಬಂದು ಅದು 40 ಡಿಗ್ರಿಗೆ ಏರಿತೆನ್ನಿ. ನಿರಪೇಕ್ಷ ಮಾನದಲ್ಲಿ ಇದು 310ರಿಂದ 313ಕ್ಕೆ ಆದ ಏರಿಕೆ; ಅಂದರೆ ಶೇಕಡಾ 1 ಮಾತ್ರ. ಇಷ್ಟು ಅಲ್ಪ ವ್ಯತ್ಯಾಸಕ್ಕೆ ಮನುಷ್ಯನು ಹಾಸಿಗೆ ಹಿಡಿಯುವುದೇಕೆ?

ನಮ್ಮ ಕಾಲೇಜಿನ ಎತ್ತರ ಜಿಗಿತದ ಸ್ಪರ್ಧೆಯನ್ನು ನೆನೆಯಿರಿ. ಅಡ್ಡಕೋಲನ್ನು ಬಹಳ ಎತ್ತರದಲ್ಲಿಟ್ಟರೆ ನೂರು ಮಂದಿಯಲ್ಲಿ ಇಬ್ಬರೋ ಮೂವರೋ ಅದನ್ನು ದಾಟಬಲ್ಲರು. ಎಲ್ಲರ ಸಾಮರ್ಥ್ಯವೂ ಒಂದಿಷ್ಟೇ ಹೆಚ್ಚಿತೆಂದರೆ, ಅಂಚಿನಲ್ಲಿ ಸೋಲುತ್ತಿದ್ದವರೂ ದಾಟಿಬಿಡುತ್ತಾರೆ. ದಾಟುವವರ ಸಂಖ್ಯೆ ಒಮ್ಮೆಗೇ ಏರುತ್ತದೆ. ಅಣುಗಳ ಲೋಕದಲ್ಲಿಯೂ ಇದೇ ನ್ಯಾಯ. ಆಕಾರ ಬದಲಿಸಲು ಅಣುವೊಂದು ಶಕ್ತಿಯ ಎತ್ತರವಾದ ತಡೆಯನ್ನು ದಾಟಬೇಕಾಗಿದ್ದರೆ, ಉಷ್ಣತೆಯ ಸಣ್ಣ ಏರಿಕೆಯೂ ಆ ಕ್ರಿಯೆಯ ವೇಗವನ್ನು ಬಹಳವಾಗಿ ಹೆಚ್ಚಿಸುತ್ತದೆ.

1952ರಲ್ಲಿ ಹಾಜ್‌ಕಿನ್ ಮತ್ತು ಹಕ್ಸ್‌ಲಿ ಎಂಬ ಆಂಗ್ಲ ವಿಜ್ಞಾನಿಗಳು ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರತಂತುವಿನಲ್ಲಿ ವಿದ್ಯುತ್ತು ಹರಿಯುವ ಬಗೆಯನ್ನು ಸಮೀಕರಣಗಳಲ್ಲಿ ಹಿಡಿದಿಟ್ಟರು. ಉಷ್ಣತೆ 10 ಡಿಗ್ರಿ ಏರಿದರೆ ನರದ ಪೊರೆಯಲ್ಲಿ ಆಗುವ ಬದಲಾವಣೆಗಳ ವೇಗ ಮೂರು ಪಟ್ಟಾಗುವುದೆಂದು ಅವರು ಲೆಕ್ಕ ಹಿಡಿದಿದ್ದರು. ಈ ಕಾರ್ಯಕ್ಕಾಗಿ 1963ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಅದೇ ಲೆಕ್ಕವನ್ನು 3 ಡಿಗ್ರಿ ಜ್ವರಕ್ಕೆ ಅನ್ವಯಿಸಿದರೆ ವೇಗವು ಸುಮಾರು ಶೇಕಡಾ 40ರಷ್ಟು ಹೆಚ್ಚುತ್ತದೆ. ಉಷ್ಣತೆಯಲ್ಲಿ ಶೇಕಡಾ 1, ವೇಗದಲ್ಲಿ ಶೇಕಡಾ 40! ಓದುಗರು ಈ ಎರಡು ಅಂಕಿಗಳನ್ನು ಮರೆಯಬಾರದು.

ಹೃದಯದ ಬಾಗಿಲುಗಳು

ಹೃದಯದ ಜೀವಕೋಶವೂ ನರದಂತೆಯೇ ವಿದ್ಯುತ್ತಿನಿಂದ ಕೆಲಸ ಮಾಡುತ್ತದೆ. ವಿಶ್ರಾಂತಿಯಲ್ಲಿರುವಾಗ ಅದರ ಒಳಭಾಗವು ಹೊರಭಾಗಕ್ಕಿಂತ ಸುಮಾರು 90 ಮಿಲಿವೋಲ್ಟ್‌ಗಳಷ್ಟು ಋಣ ವಿಭವದಲ್ಲಿರುತ್ತದೆ. ಪೊರೆಯಲ್ಲಿ ಪ್ರೋಟೀನಿನಿಂದಾದ ಸೂಕ್ಷ್ಮ ಬಾಗಿಲುಗಳಿವೆ. ಸೋಡಿಯಂ ಬಾಗಿಲುಗಳು ತೆರೆದೊಡನೆ ಸೋಡಿಯಂ ಅಯಾನುಗಳು ಒಳನುಗ್ಗುತ್ತವೆ. ಒಂದೆರಡು ಮಿಲಿಸೆಕೆಂಡುಗಳಲ್ಲಿ ಆ ಬಾಗಿಲುಗಳು ತಾವಾಗಿ ಮುಚ್ಚಿಕೊಳ್ಳುತ್ತವೆ. ಬಳಿಕ ಪೊಟಾಸಿಯಂ ಅಯಾನುಗಳು ಹೊರಬಂದು ಹಿಂದಿನ ಸ್ಥಿತಿಯನ್ನು ತರುತ್ತವೆ. ಒಂದೊಂದು ಬಡಿತಕ್ಕೂ ಈ ಕ್ರಮವು ತಪ್ಪದೆ ನಡೆಯಬೇಕು. ದಿನಕ್ಕೆ ಸುಮಾರು ಒಂದು ಲಕ್ಷ ಸಲ.

ಜ್ವರದಲ್ಲಿ ಈ ಬಾಗಿಲುಗಳು ಬೇಗ ತೆರೆದು ಬೇಗ ಮುಚ್ಚುತ್ತವೆ. ಉಷ್ಣತೆ ಒಂದು ಡಿಗ್ರಿ ಏರಿದರೆ ನಾಡಿಯು ನಿಮಿಷಕ್ಕೆ ಸುಮಾರು 8ರಿಂದ 10ರಷ್ಟು ಹೆಚ್ಚುತ್ತದೆ. ಆರೋಗ್ಯವಾದ ಹೃದಯದಲ್ಲಿ ಎಲ್ಲ ಬಾಗಿಲುಗಳೂ ಒಟ್ಟಿಗೆ ಚುರುಕಾಗುವುದರಿಂದ ತಾಳವು ದ್ರುತವಾಗುತ್ತದೆಯೇ ಹೊರತು ತಪ್ಪುವುದಿಲ್ಲ.

ಇನ್ನು ಔಷಧಗಳ ವಿಚಾರ. ಲಯವನ್ನು ಸರಿಪಡಿಸುವ ಅನೇಕ ಔಷಧಗಳು ಇದೇ ಬಾಗಿಲುಗಳಲ್ಲಿ ಹೋಗಿ ಕೂರುತ್ತವೆ. ಫ್ಲೆಕೆನೈಡ್ ಎಂಬುದನ್ನು ನೋಡಿ. ಸೋಡಿಯಂ ಬಾಗಿಲು ತೆರೆದಾಗ ಅದು ಒಳಹೊಕ್ಕು ತಡೆಯುತ್ತದೆ. ಎರಡು ಬಡಿತಗಳ ನಡುವಣ ವಿರಾಮದಲ್ಲಿ ನಿಧಾನವಾಗಿ ಹೊರಬರುತ್ತದೆ. ನಾಡಿ 70 ಇದ್ದಾಗ ಒಂದು ಬಡಿತದಿಂದ ಇನ್ನೊಂದಕ್ಕೆ 0.86 ಸೆಕೆಂಡು ಉಂಟು. ಜ್ವರದಿಂದ ನಾಡಿ 100 ಆದರೆ ಉಳಿಯುವುದು 0.6 ಸೆಕೆಂಡು ಮಾತ್ರ. ಔಷಧಕ್ಕೆ ಹೊರಬರಲು ಬಿಡುವು ಸಾಲದು. ಆದುದರಿಂದ ಗುಳಿಗೆಯ ಪ್ರಮಾಣ ಅದೇ ಆಗಿದ್ದರೂ ಅದರ ಹಿಡಿತವು ಬಿಗಿಯಾಗುತ್ತದೆ.

ಜ್ವರವೂ ಔಷಧವೂ ಒಂದೇ ದಿಕ್ಕಿಗೆ ತಳ್ಳಿದಾಗ

ಇದರ ಅತಿ ಸ್ಪಷ್ಟ ಉದಾಹರಣೆ ಬ್ರುಗಾಡ ರೋಗ. 1992ರಲ್ಲಿ ಸ್ಪೇನ್ ಮೂಲದ ಪೆದ್ರೊ ಮತ್ತು ಜೋಸೆಪ್ ಬ್ರುಗಾಡ ಸಹೋದರರು ಎಂಟು ಮಂದಿ ರೋಗಿಗಳನ್ನು ಕುರಿತು ಬರೆದರು. ಅವರ ಹೃದಯದ ರಚನೆಯಲ್ಲಿ ದೋಷವಿರಲಿಲ್ಲ; ಆದರೆ ಇ.ಸಿ.ಜಿ. ರೇಖೆಯಲ್ಲಿ ವಿಚಿತ್ರವಾದ ಏರಿಕೆಯೊಂದು ಕಾಣುತ್ತಿತ್ತು, ಮತ್ತು ಹೃದಯವು ಹಠಾತ್ತನೆ ನಿಲ್ಲುವ ಅಪಾಯವಿತ್ತು. ಈ ರೋಗದಲ್ಲಿ ಸಾವು ಬರುವುದು ಹೆಚ್ಚಾಗಿ ವಿಶ್ರಾಂತಿಯಲ್ಲಿ, ಇಲ್ಲವೆ ನಿದ್ರೆಯಲ್ಲಿ. 1998ರಲ್ಲಿ ಕೆಲವು ಕುಟುಂಬಗಳಲ್ಲಿ ಇದಕ್ಕೆ ಸೋಡಿಯಂ ಬಾಗಿಲನ್ನು ರೂಪಿಸುವ ಜೀನಿನ ದೋಷವೇ ಕಾರಣವೆಂದು ತಿಳಿಯಿತು. ಮರುವರ್ಷ ಇನ್ನೊಂದು ಸಂಗತಿ ಹೊರಬಿದ್ದಿತು. ಇಂಥ ಒಂದು ದೋಷವು ಪ್ರಯೋಗಾಲಯದ ಸಾಧಾರಣ ಉಷ್ಣತೆಯಲ್ಲಿ ಮರೆಯಾಗಿದ್ದು, ದೇಹದ ಉಷ್ಣತೆಯತ್ತ ಸಾಗಿದಂತೆ ಪ್ರಕಟವಾಗುತ್ತಿತ್ತು! ಬಿಸಿ ಏರಿದಂತೆ ಆ ಬಾಗಿಲು ಅತಿ ಬೇಗ ಮುಚ್ಚಿಕೊಂಡು ಸೋಡಿಯಂ ಪ್ರವಾಹವನ್ನು ಕುಗ್ಗಿಸುತ್ತಿತ್ತು. ಇಂಥವರಿಗೆ ಜ್ವರವೇ ಅಪಾಯವಾಗುವುದು ಏಕೆಂಬುದಕ್ಕೆ ಇಲ್ಲಿ ಒಂದು ಉತ್ತರ ದೊರೆಯಿತು.

ಗುಪ್ತವಾಗಿರುವ ಈ ರೋಗವನ್ನು ಹೊರಗೆಡಹಲು ಅನೇಕ ದೇಶಗಳ ವೈದ್ಯರು ಅಜ್ಮಲೀನ್ ಎಂಬ ಔಷಧವನ್ನು ಆಸ್ಪತ್ರೆಯಲ್ಲಿ, ಎಚ್ಚರಿಕೆಯ ಕಾವಲಿನಲ್ಲಿ ರಕ್ತನಾಳಕ್ಕೆ ಕೊಡುತ್ತಾರೆ. ಇದು ನಮ್ಮ ಸರ್ಪಗಂಧಿಯ ಬೇರಿನಲ್ಲಿರುವ ವಸ್ತು. 1931ರಲ್ಲಿ ದೆಹಲಿಯಲ್ಲಿ ಅದನ್ನು ಬೇರ್ಪಡಿಸಿದ ಸಲೀಮುಜ್ಜಮಾನ್ ಸಿದ್ದೀಕಿಯವರು ಹಕೀಮ್ ಅಜ್ಮಲ್ ಖಾನರ ನೆನಪಿಗೆ ಆ ಹೆಸರಿಟ್ಟರು. ಅಜ್ಮಲೀನ್ ಸೋಡಿಯಂ ಬಾಗಿಲನ್ನು ತಡೆಯುತ್ತದೆ, ಫ್ಲೆಕೆನೈಡೂ ಹಾಗೆಯೇ. ಜ್ವರವು ಮಾಡುವುದನ್ನೇ ಔಷಧವೂ ಮಾಡುತ್ತದೆ. ಎರಡೂ ಒಟ್ಟಿಗೆ ಸೇರಿದರೆ ಗತಿಯೇನೆಂಬುದನ್ನು ಊಹಿಸಬಹುದು. ಆದುದರಿಂದಲೇ ಬ್ರುಗಾಡ ರೋಗವಿರುವವರು ಇಂಥ ಔಷಧಗಳನ್ನು ಸೇವಿಸಬಾರದೆಂದೂ, ಜ್ವರ ಬಂದರೆ ತಡಮಾಡದೆ ಇಳಿಸಬೇಕೆಂದೂ ವೈದ್ಯರು ವಿಧಿಸುತ್ತಾರೆ.

ಹಾಗಾದರೆ ಜ್ವರ ಬಂದಾಗ ಹೃದಯದ ಗುಳಿಗೆಯನ್ನೆಲ್ಲ ನಿಲ್ಲಿಸುವುದೇ ಜಾಣತನವೇ? ಅಲ್ಲ. ಕ್ವಿನಿಡೀನ್ ಎಂಬ ಔಷಧವನ್ನು ನೋಡಿ. ಮಲೇರಿಯ ಜ್ವರಕ್ಕೆ ಕೊಡುತ್ತಿದ್ದ ಸಿಂಕೋನ ತೊಗಟೆಯ ಕ್ವಿನೀನು ಕೆಲವರ ನಾಡಿಯ ಲಯವನ್ನು ಸರಿಪಡಿಸುವುದೆಂದು ಡಚ್ ವೈದ್ಯ ವೆಂಕೆಬಾಖರು 1914ರಲ್ಲಿ ಬರೆದರು. ಅದರ ಸೋದರವಸ್ತುವಾದ ಕ್ವಿನಿಡೀನಿಗೆ ಆ ಗುಣ ಇನ್ನೂ ಹೆಚ್ಚೆಂದು 1918ರಲ್ಲಿ ತಿಳಿಯಿತು. ಕ್ವಿನಿಡೀನು ಪೊಟಾಸಿಯಂ ಹೊರಹರಿವನ್ನೂ ತಡೆಯುವುದರಿಂದ, ಒಳಹರಿವು ಕುಗ್ಗಿದ ಬ್ರುಗಾಡ ಹೃದಯದಲ್ಲಿ ಸಮತೋಲವನ್ನು ಮರಳಿ ತರುತ್ತದೆ. ಅದನ್ನು ಸೇವಿಸುತ್ತಿರುವ ರೋಗಿಯು ಜ್ವರವೆಂದು ತಾನಾಗಿ ನಿಲ್ಲಿಸಿದರೆ, ಕಾಯುತ್ತಿದ್ದ ಕೈಯನ್ನೇ ತಳ್ಳಿದಂತಾದೀತು. "ಹೃದಯದ ಗುಳಿಗೆ" ಎಂಬುದು ಒಂದೇ ವಸ್ತುವಲ್ಲ. ಒಂದಕ್ಕೆ ಸಲ್ಲುವ ನಿಯಮ ಇನ್ನೊಂದಕ್ಕೆ ಸಲ್ಲದು.

ನೀರು, ಲವಣ, ಎರಡನೆಯ ಗುಳಿಗೆ

ಬಿಸಿಯೊಂದೇ ಅಲ್ಲ, ಜ್ವರದ ಸಂಗಾತಿಗಳೂ ತೊಂದರೆ ಕೊಡುತ್ತವೆ. ಬೆವರು, ವಾಂತಿ, ಭೇದಿಗಳಿಂದ ದೇಹದ ನೀರು ತಗ್ಗಿದರೆ ಮೂತ್ರಪಿಂಡಗಳ ಕೆಲಸ ಕುಂಠಿತವಾಗುತ್ತದೆ. ಸೋಟಲಾಲ್, ಡಿಗಾಕ್ಸಿನ್ ಮೊದಲಾದ ಔಷಧಗಳು ದೇಹದಿಂದ ಹೊರಹೋಗುವುದು ಮುಖ್ಯವಾಗಿ ಮೂತ್ರಪಿಂಡಗಳ ದಾರಿಯಿಂದ. ದಾರಿ ಕಟ್ಟಿದರೆ ಅವು ರಕ್ತದಲ್ಲಿ ಶೇಖರವಾಗುತ್ತವೆ. ವಾಂತಿಭೇದಿಗಳಲ್ಲಿ ಪೊಟಾಸಿಯಂ ಲವಣವೂ ನಷ್ಟವಾಗುವುದರಿಂದ ಈ ಎರಡು ಔಷಧಗಳ ಅಪಾಯ ಇನ್ನೂ ಹೆಚ್ಚುತ್ತದೆ.

ಮತ್ತೊಂದು ಅಪಾಯವನ್ನು ನಾವೇ ಅಂಗಡಿಯಿಂದ ತರುತ್ತೇವೆ. ಕ್ಲಾರಿತ್ರೊಮೈಸಿನ್, ಅಜಿತ್ರೊಮೈಸಿನ್ ಎಂಬ ಆಂಟಿಬಯೋಟಿಕ್ ಮಾತ್ರೆಗಳು ಕೆಲವರಲ್ಲಿ ಹೃದಯವು ಪ್ರತಿ ಬಡಿತದ ನಂತರ ಚೇತರಿಸಿಕೊಳ್ಳುವ ಅವಧಿಯನ್ನು ನೀಳವಾಗಿಸುತ್ತವೆ. ಸೋಟಲಾಲ್ ಮಾಡುವುದೂ ಅದನ್ನೇ. ಅವಧಿ ಮಿತಿಮೀರಿ ನೀಳವಾದರೆ ತಾಳ ತಪ್ಪುತ್ತದೆ. ಕ್ಲಾರಿತ್ರೊಮೈಸಿನ್ನಿನಿಂದ ರಕ್ತದಲ್ಲಿ ಡಿಗಾಕ್ಸಿನ್ನಿನ ಪ್ರಮಾಣವೂ ಏರುತ್ತದೆ.

ಮರಳಿ ತಾತನವರ ಬಳಿಗೆ

ಅಂದು ಫೋನಿನಲ್ಲಿ ವೈದ್ಯರು ಕೇಳಿದ್ದು ನಾಲ್ಕು ಪ್ರಶ್ನೆ. ಗುಳಿಗೆಯ ಹೆಸರೇನು? ಜ್ವರ ಎಷ್ಟು ಡಿಗ್ರಿ? ನೀರು ಕುಡಿಯುತ್ತಿದ್ದಾರೆಯೇ, ಮೂತ್ರ ಸರಿಯಾಗಿ ಹೋಗುತ್ತಿದೆಯೇ? ಬೇರೆ ಯಾವ ಔಷಧ ಕೊಟ್ಟಿದ್ದೀರಿ? ಹುಡುಗನಿಗೆ ಮೊದಲನೆಯದಕ್ಕೇ ಉತ್ತರ ತಿಳಿದಿರಲಿಲ್ಲ. "ಬಿಳೀ ಗುಳಿಗೆ" ಎಂದಷ್ಟೇ ಬಲ್ಲನು. ಮನೆಗೆ ಓಡಿ ಪಟ್ಟಿಯನ್ನು ಓದಿ ಹೇಳಿದನು. ಔಷಧದಂಗಡಿಯಿಂದ ತಂದಿದ್ದ ಆಂಟಿಬಯೋಟಿಕ್ ಒಂದು ಮೇಜಿನ ಮೇಲೆ ಸಿದ್ಧವಾಗಿತ್ತು. ವೈದ್ಯರು ಅದನ್ನು ಕೊಡಬೇಡಿರೆಂದರು. ಜ್ವರಕ್ಕೆ ಪ್ಯಾರಸಿಟಮಾಲ್ ಎಷ್ಟು ಕೊಡಬೇಕೆಂದು ತಿಳಿಸಿ, ಮಧ್ಯಾಹ್ನವೇ ಕರೆತರಲು ಹೇಳಿದರು. ಇ.ಸಿ.ಜಿ. ಮತ್ತು ರಕ್ತಪರೀಕ್ಷೆಗಳನ್ನು ನೋಡಿದ ಮೇಲೆ ಹಳೆಯ ಗುಳಿಗೆಯ ಪ್ರಮಾಣವನ್ನು ಅವರೇ ಕೆಲವು ದಿನಗಳ ಮಟ್ಟಿಗೆ ಬದಲಿಸಿದರು. ತಾತನವರು ವಾರದಲ್ಲಿ ಗುಣಮುಖರಾದರು.

ದೊಡ್ಡಪ್ಪನೂ ಅಮ್ಮನೂ ಇಬ್ಬರೂ ಪ್ರೀತಿಯಿಂದಲೇ ಆಡಿದ್ದರು. ಆದರೆ ಉತ್ತರವು ಊಹೆಯಿಂದ ದೊರೆಯುವಂಥದಾಗಿರಲಿಲ್ಲ. ನಮ್ಮ ಓದುಗರಲ್ಲಿ ಅನೇಕರ ಮನೆಗಳಲ್ಲಿ ಇಂಥ ಹಿರಿಯರಿದ್ದಾರೆ. ಅವರು ಸೇವಿಸುವ ಗುಳಿಗೆಗಳ ಹೆಸರನ್ನೂ ಪ್ರಮಾಣವನ್ನೂ, ವೈದ್ಯರ ಫೋನು ಸಂಖ್ಯೆಯನ್ನೂ ಒಂದು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿರಿ. ಪಕ್ಕದಲ್ಲಿ ಥರ್ಮಾಮೀಟರ್ ಇರಲಿ. ಜ್ವರ ಬಂದವರಿಗೆ ಎದೆ ಡವಡವಿಸಿದರೆ, ತಲೆ ತಿರುಗಿದರೆ, ಎಚ್ಚರ ತಪ್ಪಿದರೆ ಕ್ಷಣವೂ ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಈ ಕಾಗದವನ್ನು ಬರೆಯಲು ಐದು ನಿಮಿಷ ಸಾಕು, ಇಂದೇ ಬರೆಯಿರಿ.