ಮದ್ದು ಕೊಡುವ ಕೈ

ನಮ್ಮ ಪುತ್ತೂರು, ಸುಳ್ಯ, ಕಡಬ ಸೀಮೆಗಳಲ್ಲಿ ಮದ್ದು ಎಂಬ ಒಂದೇ ಮಾತಿಗೆ ಅನೇಕ ಅರ್ಥಗಳುಂಟು. ಜ್ವರದ ಮಗುವಿಗೆ ಕುಡಿಸುವದೂ ಮದ್ದು. ಮಳೆಗಾಲದಲ್ಲಿ ಕೊಳೆರೋಗ ತಗಲದಂತೆ ಅಡಿಕೆಯ ಗೊನೆಗಳಿಗೆ ಬಿಡುವದೂ ಮದ್ದು. ಇಲಿಯನ್ನು ಕೊಲ್ಲಲು ಇಡುವದೂ ಮದ್ದೇ. ಇದು ಭಾಷೆಯ ಬಡತನವೆಂದು ಕೆಲವರಿಗೆ ತೋರಬಹುದು. ವಿಚಾರಿಸಿ ನೋಡಿದರೆ ಔಷಧಶಾಸ್ತ್ರದ ಮೊದಲನೆಯ ಪಾಠವೇ ಈ ಮಾತಿನಲ್ಲಿ ಅಡಗಿದೆ. ಗುಣಪಡಿಸುವ ವಸ್ತುವೂ ಕೊಲ್ಲುವ ವಸ್ತುವೂ ಎಷ್ಟೋ ಸಲ ಒಂದೇ ಆಗಿದ್ದು, ಭೇದವು ಅಳತೆಯಲ್ಲಿ ಮಾತ್ರ ಇರುವದು. ೧೪೯೩ರಿಂದ ೧೫೪೧ರ ವರೆಗೆ ಬಾಳಿದ ಪ್ಯಾರಾಸೆಲ್ಸಸ್ ಎಂಬ ಯುರೋಪಿನ ವೈದ್ಯನು ಕಲಿಸಿದ ತತ್ವವೂ ಇದೇ.

ನಮ್ಮ ವಿದ್ಯಾರ್ಥಿನಿಯರಲ್ಲಿ ಕೆಲವರು ಮುಂದೆ ದಾದಿಯರ ಶಿಕ್ಷಣಕ್ಕೆ ಹೋಗುವರು. ಹೋಗದವರೂ ಮನೆಯಲ್ಲಿ ಅಜ್ಜ ಅಜ್ಜಿಯರ ಮಾತ್ರೆಗಳನ್ನು ಎಣಿಸಿಕೊಡುವವರೇ. ವೈದ್ಯರು ಬರೆದದ್ದು ಸರಿಯಾಗಿದ್ದರೂ, ಅಂಗಡಿಯವರು ಕೊಟ್ಟದ್ದು ಸರಿಯಾಗಿದ್ದರೂ, ಕೊನೆಯ ಒಂದು ಮೊಳ ದೂರವನ್ನು ಔಷಧವು ಕೊಡುವವಳ ಕೈಯಲ್ಲಿಯೇ ದಾಟಬೇಕು. ಆ ಕೈ ತಪ್ಪಿದರೆ ಮುಂದೆ ತಡೆಯುವವರು ಯಾರೂ ಇಲ್ಲ. ಆದುದರಿಂದ ಈ ವಿಷಯದ ಮೂಲಾಂಶಗಳನ್ನು ಪ್ರತಿಯೊಬ್ಬ ಹುಡುಗಿಯೂ ಅರಿತಿರುವದು ಅವಶ್ಯ.

ಮೊದಲು ಔಷಧವು ಶರೀರದಲ್ಲಿ ನಡೆಯುವ ದಾರಿಯನ್ನು ನೋಡೋಣ. ನುಂಗಿದ ಮಾತ್ರೆಯು ಜಠರದಲ್ಲಿ ಕರಗಿ, ಹೆಚ್ಚಾಗಿ ಸಣ್ಣ ಕರುಳಿನಲ್ಲಿ ರಕ್ತಕ್ಕೆ ಸೇರುತ್ತದೆ. ಆ ರಕ್ತವು ಮೊದಲು ಯಕೃತ್ತಿಗೆ ಹೋಗುವದರಿಂದ ಅಲ್ಲಿಯೇ ಔಷಧದ ಒಂದು ಪಾಲು ಮಾರ್ಪಡುವದು. ಉಳಿದದ್ದು ಸರ್ವಾಂಗಗಳಿಗೂ ಹರಡಿ ತನ್ನ ಕೆಲಸವನ್ನು ಮಾಡುತ್ತದೆ. ಕಡೆಗೆ ಯಕೃತ್ತು ಅದನ್ನು ಒಡೆಯುತ್ತದೆ, ಮೂತ್ರಪಿಂಡಗಳು ಹೊರಗೆ ಹಾಕುತ್ತವೆ. ರಕ್ತದಲ್ಲಿರುವ ಔಷಧವು ಅರ್ಧಕ್ಕೆ ಇಳಿಯಲು ಬೇಕಾಗುವ ಕಾಲಕ್ಕೆ ಅರ್ಧಾಯುಷ್ಯವೆಂದು ಹೆಸರು. ಪ್ಯಾರಾಸಿಟಮಾಲಿಗೆ ಇದು ಸುಮಾರು ೨ರಿಂದ ೩ ತಾಸು. ರಕ್ತದೊತ್ತಡಕ್ಕೆ ಕೊಡುವ ಆಮ್ಲೋಡಿಪಿನ್ ಎಂಬದಕ್ಕೆ ೩೦ರಿಂದ ೫೦ ತಾಸು. ಒಂದನ್ನು ದಿನಕ್ಕೆ ಹಲವು ಸಲ, ಇನ್ನೊಂದನ್ನು ಒಂದೇ ಸಲ ಕೊಡುವದೇಕೆಂಬದು ಇದರಿಂದ ತಿಳಿಯುವದು. ವೃದ್ಧರ ಮೂತ್ರಪಿಂಡಗಳು ನಿಧಾನವಾಗಿ ಕೆಲಸ ಮಾಡುವದರಿಂದ ಎಷ್ಟೋ ಔಷಧಗಳು ಅವರಲ್ಲಿ ಹೆಚ್ಚು ಕಾಲ ನಿಲ್ಲುತ್ತವೆ. ಮಕ್ಕಳಿಗಾದರೋ ತೂಕವನ್ನು ನೋಡಿಯೇ ಅಳೆಯಬೇಕು.

ಇನ್ನು ಕೊಡುವ ಕ್ರಮ. ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಅಳತೆ, ಸರಿಯಾದ ಮಾರ್ಗ, ಸರಿಯಾದ ಸಮಯ ಎಂಬ ಐದು ನಿಯಮಗಳನ್ನು ದಾದಿಯರಿಗೆ ಕಲಿಸುತ್ತಾರೆ. ಬಾಯಿಪಾಠ ಮಾಡುವದು ಸುಲಭ. ಪ್ರತಿಯೊಂದಕ್ಕೂ ಕಾರಣವನ್ನು ತಿಳಿದರೆ ಮಾತ್ರ ಅವು ಅಭ್ಯಾಸಕ್ಕೆ ಬರುವವು.

ಸರಿಯಾದ ರೋಗಿ: ಹೆಸರನ್ನು ನಾವೇ ಹೇಳಿ, ಹೌದೇ ಎಂದು ಕೇಳಬಾರದು. ಜ್ವರದ ಮಂಪರಿನಲ್ಲಿರುವವರು ಯಾವ ಹೆಸರಿಗೂ ತಲೆಯಾಡಿಸುವರು. ಹೆಸರನ್ನು ಅವರಿಂದಲೇ ಹೇಳಿಸಿ, ಚೀಟಿಯೊಡನೆ ಹೋಲಿಸಿ ನೋಡತಕ್ಕದ್ದು. ಮನೆಯಲ್ಲಿ ಇಬ್ಬರು ಹಿರಿಯರಿದ್ದರೆ ಅವರ ಮಾತ್ರೆಗಳನ್ನು ಬೇರೆ ಬೇರೆ ಡಬ್ಬಿಗಳಲ್ಲಿ ಹೆಸರು ಬರೆದಿಡುವದು ಒಳ್ಳೆಯದು.

ಸರಿಯಾದ ಔಷಧ: ಇದಕ್ಕೆ ನಮ್ಮ ಊರಿನ ಆಚಾರವೇ ದೃಷ್ಟಾಂತ. ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲು ಹಾಲೆಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು, ಕರಿಮೆಣಸು ಬೆಳ್ಳುಳ್ಳಿಗಳೊಡನೆ ಕಷಾಯ ಮಾಡಿ ಕುಡಿಯುವ ವಾಡಿಕೆಯುಂಟು. ಅದೇ ಕಾಡಿನಲ್ಲಿ ಕಾಸರಕನ ಮರವೂ ಬೆಳೆಯುತ್ತದೆ. ಅದರ ತೊಗಟೆಯಲ್ಲಿಯೂ ಬೀಜದಲ್ಲಿಯೂ ಸ್ಟ್ರಿಕ್ನಿನ್, ಬ್ರೂಸಿನ್ ಎಂಬ ಘೋರ ವಿಷಗಳಿವೆ. ಕತ್ತಲಲ್ಲಿ ಮರ ತಪ್ಪಿದರೆ ಮೈ ಸೆಟೆದು ಪ್ರಾಣವೇ ಹೋಗಬಹುದು. ಆದುದರಿಂದಲೇ ಬಲ್ಲವರು ಮುಂಚಿನ ದಿನ ಹಗಲಿನಲ್ಲಿಯೇ ಮರವನ್ನು ಗುರುತಿಸಿಡುವರು. ಆಸ್ಪತ್ರೆಯ ಕಪಾಟಿನಲ್ಲಿಯೂ ಒಂದನ್ನೊಂದು ಹೋಲುವ ಹೆಸರುಗಳೂ ಸೀಸೆಗಳೂ ಇರುವವು. ತೆಗೆಯುವಾಗ ಒಮ್ಮೆ, ಅಳೆಯುವಾಗ ಒಮ್ಮೆ, ಹಿಂದಿರಿಸುವಾಗ ಒಮ್ಮೆ, ಹೀಗೆ ಮೂರು ಸಲ ಬೆಳಕಿನಲ್ಲಿ ಚೀಟಿಯನ್ನು ಓದಬೇಕು. ಹೆಸರಿಲ್ಲದ ಸೀಸೆಯಿಂದ ಹನಿಯನ್ನೂ ಕೊಡಬಾರದು. ತೋಟದ ವಿಷವನ್ನು ಔಷಧದ ಖಾಲಿ ಸೀಸೆಯಲ್ಲಿ ತುಂಬಿಡುವ ಅಭ್ಯಾಸವನ್ನು ಮನೆಯಿಂದ ಇಂದೇ ಹೊರಡಿಸಿರಿ.

ಸರಿಯಾದ ಅಳತೆ: ಲೆಕ್ಕದ ತರಗತಿಯು ಉಪಯೋಗಕ್ಕೆ ಬರುವದು ಇಲ್ಲಿಯೇ. ೧೨ ಕಿಲೋ ತೂಕದ ಮಗುವಿಗೆ ಕಿಲೋ ಒಂದಕ್ಕೆ ೧೫ ಮಿಲಿಗ್ರಾಂನಂತೆ ಪ್ಯಾರಾಸಿಟಮಾಲ್ ಕೊಡಲು ವೈದ್ಯರು ಹೇಳಿದರೆನ್ನೋಣ; ಒಂದು ಸಲಕ್ಕೆ ೧೮೦ ಮಿಲಿಗ್ರಾಂ ಆಯಿತು. ೫ ಮಿಲಿಲೀಟರಿನಲ್ಲಿ ೧೨೦ ಮಿಲಿಗ್ರಾಂ ಇರುವ ಪಾನಕವಾದರೆ ಏಳೂವರೆ ಮಿಲಿಲೀಟರ್ ಬೇಕು. ೫ ಮಿಲಿಲೀಟರಿನಲ್ಲಿ ೨೫೦ ಇರುವದಾದರೆ ೩.೬ ಸಾಕು. ಪ್ರತಿ ಮಿಲಿಲೀಟರಿನಲ್ಲಿ ೧೦೦ ಮಿಲಿಗ್ರಾಂ ಇರುವ ಹನಿಮದ್ದಾದರೆ ೧.೮ ಮಾತ್ರ. ಚೀಟಿಯನ್ನು ಓದದೆ ಹನಿಮದ್ದನ್ನೇ ಏಳೂವರೆ ಮಿಲಿಲೀಟರ್ ಕುಡಿಸಿದವಳು ೭೫೦ ಮಿಲಿಗ್ರಾಂ, ಅಂದರೆ ನಾಲ್ಕು ಪಾಲಿಗಿಂತಲೂ ಹೆಚ್ಚನ್ನು ಕೊಟ್ಟಂತಾಯಿತು. ಅಡಿಗೆಮನೆಯ ಚಮಚಗಳು ಒಂದೊಂದು ಒಂದು ಗಾತ್ರದವು. ಸೀಸೆಯೊಡನೆ ಬಂದ ಅಳತೆಯ ಮುಚ್ಚಳವನ್ನೇ ಬಳಸತಕ್ಕದ್ದು. ದೊಡ್ಡವರಿಗೂ ೨೪ ತಾಸಿನಲ್ಲಿ ೪ ಗ್ರಾಂ ಮೀರಿದ ಪ್ಯಾರಾಸಿಟಮಾಲ್ ಯಕೃತ್ತಿಗೆ ಅಪಾಯಕರ. ಶೀತದ ಅನೇಕ ಮಾತ್ರೆಗಳಲ್ಲಿ ಅದೇ ಔಷಧವು ಬೇರೆ ಹೆಸರಿನಿಂದ ಸೇರಿರುವದನ್ನು ಮರೆಯಬಾರದು.

ಸಕ್ಕರೆ ಕಾಯಿಲೆಯವರ ಇನ್ಸುಲಿನ್ ನಮ್ಮ ದೇಶದಲ್ಲಿ ಪ್ರತಿ ಮಿಲಿಲೀಟರಿಗೆ ೪೦ ಯೂನಿಟ್ ಎಂತಲೂ ೧೦೦ ಯೂನಿಟ್ ಎಂತಲೂ ಎರಡು ಬಲಗಳಲ್ಲಿ ದೊರೆಯುತ್ತದೆ. ೪೦ರ ಸಿರಿಂಜಿಗೆ ಕೆಂಪು ಮುಚ್ಚಳ, ೧೦೦ರದಕ್ಕೆ ಕಿತ್ತಳೆ ಬಣ್ಣದ ಮುಚ್ಚಳ. ೧೦೦ರ ಔಷಧವನ್ನು ೪೦ರ ಸಿರಿಂಜಿನಲ್ಲಿ ೧೦ ಎಂಬ ಗೆರೆಯ ತನಕ ಎಳೆದರೆ ರೋಗಿಗೆ ಸೇರುವದು ೧೦ ಯೂನಿಟ್ ಅಲ್ಲ, ೨೫. ರಕ್ತದ ಸಕ್ಕರೆಯು ಒಮ್ಮೆಲೇ ಇಳಿದು ಎಚ್ಚರ ತಪ್ಪಲು ಇಷ್ಟೇ ಸಾಕು.

ಸರಿಯಾದ ಮಾರ್ಗ: ಎದೆನೋವಿಗೆ ನಾಲಿಗೆಯ ಕೆಳಗೆ ಇಡುವ ಮಾತ್ರೆಯನ್ನು ನುಂಗಿದರೆ ಅದರ ಬಹುಭಾಗವನ್ನು ಯಕೃತ್ತು ಮೊದಲೇ ನಾಶಮಾಡುವದರಿಂದ ಬೇಕಾದ ಹೊತ್ತಿಗೆ ಫಲವು ಸಿಕ್ಕದು. ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಯನ್ನು ನುಂಗಲು ಕಷ್ಟವೆಂದು ಪುಡಿಮಾಡಿದರೆ ಇಡೀ ದಿನದ ಔಷಧವು ಒಂದೇ ಸಲಕ್ಕೆ ರಕ್ತಕ್ಕೆ ನುಗ್ಗುವದು. ಕಿವಿಗೆ ಬಿಡುವ ಹನಿಯನ್ನು ಕಣ್ಣಿಗೆ ಬಿಡಬಾರದೆಂದು ಬೇರೆ ಹೇಳಬೇಕಾಗಿಲ್ಲ.

ಸರಿಯಾದ ಸಮಯ: ಸರಕಾರಿ ಮತ್ತು ಅನುದಾನಿತ ಶಾಲೆಗಳ ಹುಡುಗಿಯರಿಗೆ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯನ್ನು ನೀವು ಬಲ್ಲಿರಿ. ಅದರಲ್ಲಿ ೬೦ ಮಿಲಿಗ್ರಾಂ ಕಬ್ಬಿಣವೂ ೫೦೦ ಮೈಕ್ರೋಗ್ರಾಂ ಫೋಲಿಕ್ ಆಮ್ಲವೂ ಇವೆ. ಬರಿಹೊಟ್ಟೆಯಲ್ಲಿ ತಕ್ಕೊಂಡರೆ ಓಕರಿಕೆ ಬರಬಹುದು. ಚಹಾದೊಡನೆ ತಕ್ಕೊಂಡರೆ ಕಬ್ಬಿಣವು ಸರಿಯಾಗಿ ರಕ್ತಕ್ಕೆ ಸೇರದು. ಊಟವಾದ ಮೇಲೆ ನೀರಿನೊಡನೆ ನುಂಗುವದೇ ಸರಿ. ವಾರಕ್ಕೊಮ್ಮೆ ಎಂದು ಬರೆದ ಬೇರೆ ಔಷಧಗಳೂ ಉಂಟು. ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟನ್ನು ವಾರಕ್ಕೆ ಬದಲಾಗಿ ದಿನಾಲೂ ಕೊಟ್ಟರೆ ಮೃತ್ಯುವೇ ಸಂಭವಿಸಬಹುದು.

ಮಳೆಗಾಲದ ಜ್ವರದ ವಿಷಯವಾಗಿ ಒಂದು ಮಾತು. ರಬ್ಬರ್ ಹಾಲು ಹಿಡಿಯುವ ಚಿಪ್ಪುಗಳಲ್ಲಿಯೂ ಉದುರಿದ ಅಡಿಕೆಹಾಳೆಗಳಲ್ಲಿಯೂ ನಿಂತ ನೀರು ಡೆಂಗಿಯನ್ನು ಹರಡುವ ಸೊಳ್ಳೆಗೆ ತೊಟ್ಟಿಲಾಗಿದೆ. ಡೆಂಗಿಯಲ್ಲಿ ರಕ್ತಸ್ರಾವದ ಭಯವಿರುವದರಿಂದ, ಮೈನೋವು ಬೇಗನೆ ಇಳಿಯಲೆಂದು ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ಮಾತ್ರೆಗಳನ್ನು ಸ್ವಂತ ಬುದ್ಧಿಯಿಂದ ಕೊಡಬಾರದು. ಹೃದಯಕ್ಕಾಗಿ ನಿತ್ಯವೂ ಆಸ್ಪಿರಿನ್ ತಕ್ಕೊಳ್ಳುವ ಹಿರಿಯರಿಗೆ ಜ್ವರ ಬಂದರೆ ಕೂಡಲೇ ವೈದ್ಯರನ್ನು ಕೇಳತಕ್ಕದ್ದು. ಔಷಧದ ಪಟ್ಟಿಯ ಮೇಲೆ ಕೆಂಪು ಗೆರೆಯಿದ್ದರೆ, ಅದು ವೈದ್ಯರ ಚೀಟಿಯಿಲ್ಲದೆ ಬಳಸತಕ್ಕದ್ದಲ್ಲವೆಂದು ತಿಳಿಯಿರಿ.

ಕೊಟ್ಟ ಮೇಲೆ ಕೂಡಲೇ ಬರೆದಿಡುವದೂ ಕೊಡುವ ಕೆಲಸದ ಒಂದು ಭಾಗವೇ. ಏನು, ಎಷ್ಟು, ಎಷ್ಟು ಗಂಟೆಗೆ ಎಂದು ಬರೆಯದಿದ್ದರೆ, ಅಮ್ಮ ಕೊಟ್ಟದ್ದನ್ನು ಅಕ್ಕ ಮತ್ತೊಮ್ಮೆ ಕೊಡುವ ಸಂಭವವಿದೆ. ಮೈಯಲ್ಲಿ ದದ್ದು ಎದ್ದರೆ, ಮುಖ ಬಾತರೆ, ಉಸಿರು ಕಟ್ಟಿದರೆ ಔಷಧವನ್ನು ನಿಲ್ಲಿಸಿ, ಅದರ ಪಟ್ಟಿಯನ್ನೂ ಹಿಡಿದುಕೊಂಡು ತಡವಿಲ್ಲದೆ ಆಸ್ಪತ್ರೆಗೆ ಹೋಗಬೇಕು.

ಬಾಲಿಕೆಯರೇ, ನಮ್ಮ ತೋಟಗಳಲ್ಲಿ ಬೋರ್ಡೋ ದ್ರಾವಣವನ್ನು ಮಾಡುವ ರೀತಿಯನ್ನು ನೀವೆಲ್ಲರೂ ನೋಡಿರುವಿರಿ. ೧೦೦ ಲೀಟರ್ ನೀರಿಗೆ ೧ ಕಿಲೋ ಮೈಲುತುತ್ತು, ೧ ಕಿಲೋ ಸುಣ್ಣ. ಬೆರಸಿದ ಮೇಲೆ ಹೊಳೆಯುವ ಕತ್ತಿಯ ಅಲಗನ್ನು ಅದರಲ್ಲಿ ಅದ್ದಿ ನೋಡುತ್ತಾರೆ. ಅಲಗು ಕೆಂಪಾದರೆ ಇನ್ನಷ್ಟು ಸುಣ್ಣ ಸೇರಿಸದೆ ಗೊನೆಗೆ ಬಿಡುವದಿಲ್ಲ. ಅಡಿಕೆಯ ಗೊನೆಗೆ ಇಷ್ಟು ಪರೀಕ್ಷೆಯಿರುವಾಗ ಮನುಷ್ಯರ ಪ್ರಾಣಕ್ಕೆ ಅದಕ್ಕಿಂತ ಕಡಮೆ ಸಾಕೇ? ಅಕ್ಷರ ತಿಳಿಯದಿದ್ದರೆ, ಲೆಕ್ಕ ಹೊಂದದಿದ್ದರೆ, ಮನಸ್ಸಿನಲ್ಲಿ ಸಂದೇಹ ಹುಟ್ಟಿದರೆ, ಕೊಡುವ ಕೈಯನ್ನು ತಡೆದು ಕೇಳಿರಿ. ಎಷ್ಟು ದೊಡ್ಡ ವೈದ್ಯರಾದರೂ ಕೇಳಲು ನಾಚಬೇಡಿರಿ. ನೀವು ಈ ಶಾಲೆಯಲ್ಲಿ ಕಲಿತ ಓದು, ಬರಹ, ಲೆಕ್ಕಗಳು ಒಂದು ಜೀವವನ್ನು ಕಾಯುವದಕ್ಕೆ ಸಾಕಾಗುವ ಗಳಿಗೆಯು ನಿಮ್ಮಲ್ಲಿ ಪ್ರತಿಯೊಬ್ಬಳಿಗೂ ಒಂದಿಲ್ಲೊಂದು ದಿನ ಬರುವದು.