ನೈರೋಬಿಗೆ ಹೊರಟಿದ್ದೀರಾ? ಪೆಟ್ಟಿಗೆ ಕಟ್ಟುವ ಮುನ್ನ...

ಯಜಮಾನರು ಆಫೀಸಿನಿಂದ ಬಂದವರೇ 'ನೈರೋಬಿಗೆ ಪೋಸ್ಟಿಂಗ್ ಆಯ್ತು ಕಣೇ, ಮೂರು ವರ್ಷ' ಅಂದರು. ನಿಮ್ಮ ಎದೆ ಧಸಕ್ಕೆಂದಿತು. 'ಆಫ್ರಿಕಾನಾ? ಮಕ್ಕಳನ್ನ ಕಟ್ಕೊಂಡು ಅಲ್ಲಿಗಾ?' ಅಂತ ಅತ್ತೆ ರಾಗ ಎಳೆದರು. ಅಮ್ಮ ಫೋನಿನಲ್ಲೇ ಅತ್ತರು. ನೀವು ಮಾತ್ರ ಉಪ್ಪಿನಕಾಯಿ ಎಷ್ಟು ಕೆ.ಜಿ. ಒಯ್ಯಬಹುದು ಅನ್ನೋ ಲೆಕ್ಕದಲ್ಲಿದ್ದೀರಿ.

ಉಪ್ಪಿನಕಾಯಿ ಆಮೇಲೆ ನೋಡೋಣ. ಅಲ್ಲಿ ಅವರಿಗೆ ಕೆಲಸ ಇದೆ, ಮಕ್ಕಳಿಗೆ ಶಾಲೆ ಇದೆ. ನಿಮಗೆ ಏನಿದೆ? ಮೊದಲು ಕೇಳಬೇಕಾದ ಪ್ರಶ್ನೆ ಇದು.

ರಾಜೀನಾಮೆ ಬರೆಯಬೇಡಿ, ತಾಳಿ

ಕೀನ್ಯಾದಲ್ಲಿ ದುಡಿಯಲು ಗಂಡನಿಗೆ ವರ್ಕ್ ಪರ್ಮಿಟ್ ಸಿಗುತ್ತದೆ. ಹೆಂಡತಿ, ಮಕ್ಕಳಿಗೆ ಸಿಗುವುದು ಡಿಪೆಂಡೆಂಟ್ ಪಾಸ್. ಇದರ ಮೇಲೆ ಅಲ್ಲಿ ವಾಸ ಮಾಡಬಹುದೇ ಹೊರತು ಸಂಬಳಕ್ಕೆ ದುಡಿಯುವ ಹಾಗಿಲ್ಲ. ಕೆಲಸ ಬೇಕೆಂದರೆ ನಿಮ್ಮ ಹೆಸರಿಗೇ ಬೇರೆ ಪರ್ಮಿಟ್ ಆಗಬೇಕು. 'ಅಲ್ಲಿ ಯಾವುದಾದ್ರೂ ಸ್ಕೂಲಲ್ಲಿ ಟೀಚರ್ ಆದರಾಯ್ತು' ಎಂದುಕೊಂಡು ಇಲ್ಲಿನ ನೌಕರಿ ಬಿಟ್ಟರೆ, ಮುಂದೆ ಬಾಲ್ಕನಿಯಲ್ಲಿ ಕೂತು ಕೊರಗುವುದೇ ಆದೀತು. ಸಂಬಳವಿಲ್ಲದ ದೀರ್ಘ ರಜೆ ಸಿಗುತ್ತದಾ ವಿಚಾರಿಸಿ. ಸಿಗದಿದ್ದರೆ, ಅರ್ಧಕ್ಕೆ ನಿಂತ ಎಂ.ಎ. ಮುಗಿಸುವುದೋ, ಹೊಸ ಕೋರ್ಸ್ ಕಲಿಯುವುದೋ, ಆ ವರ್ಷಗಳಿಗೆ ಏನಾದರೊಂದು ಗುರಿ ಈಗಲೇ ಇಟ್ಟುಕೊಳ್ಳಿ.

ನಿಮ್ಮ ಪರ್ಮಿಟ್‌ಗೆ ಕಂಪನಿ ನೆರವಾಗುತ್ತದಾ? ವರ್ಷಕ್ಕೊಮ್ಮೆ ಊರಿಗೆ ಬರಲು ಟಿಕೆಟ್, ಇಡೀ ಕುಟುಂಬಕ್ಕೆ ಆರೋಗ್ಯ ವಿಮೆ ಇದೆಯಾ? ಯಜಮಾನರನ್ನು ಕೇಳಲು ಸಂಕೋಚ ಬೇಡ. ಸಹಿ ಹಾಕುವ ಮೊದಲು ಕೇಳಿದರೆ ಅದು ಪ್ರಶ್ನೆ, ಹಾಕಿದ ಮೇಲೆ ಕೇಳಿದರೆ ಜಗಳ!

ನಿಮ್ಮ ಹೆಸರಲ್ಲೂ ಇರಲಿ

ವಿದೇಶದಲ್ಲಿ ನೆಲೆಸುವಾಗ ಇಲ್ಲಿನ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಅವರದ್ದಷ್ಟೇ ಅಲ್ಲ, ನಿಮ್ಮದನ್ನೂ. ಬ್ಯಾಂಕಿಗೆ ಹೋದಾಗಲೇ ತಿಂಗಳಿಗಿಷ್ಟು ಅಂತ ನಿಮ್ಮ ಖಾತೆಗೂ ಹಣ ಬೀಳುವಂತೆ ಇಬ್ಬರೂ ಕೂತು ಮಾತಾಡಿಕೊಳ್ಳಿ. ಸಂಬಳ ನಿಂತ ಹೆಣ್ಣು ತನ್ನ ಅಮ್ಮನಿಗೊಂದು ಸೀರೆ ಕೊಡಿಸಲೂ ಲೆಕ್ಕ ಒಪ್ಪಿಸುವಂತಾಗಬಾರದು.

ಮದುವೆ ನೋಂದಣಿ ಪತ್ರ, ಮಕ್ಕಳ ಜನನ ಪತ್ರ, ನಿಮ್ಮ ಅಂಕಪಟ್ಟಿಗಳ ಪ್ರತಿ ನಿಮ್ಮ ಕೈಚೀಲದಲ್ಲೂ ಇರಲಿ. ಪಾಸ್‌ಪೋರ್ಟ್ ಎಲ್ಲಿದೆ ಅನ್ನೋದು ನಿಮಗೂ ಗೊತ್ತಿರಬೇಕು.

ಸೂಜಿಗೆ ಹೆದರಬೇಡಿ

ಕೀನ್ಯಾದಿಂದ ಭಾರತಕ್ಕೆ ಬರುವವರ ಬಳಿ ಹಳದಿ ಜ್ವರದ ಲಸಿಕೆ ಪತ್ರ ಇರಲೇಬೇಕು. ಇಲ್ಲದಿದ್ದರೆ ವಿಮಾನ ಇಳಿದ ಮೇಲೆ 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು. ತಂಗಿ ಮದುವೆಗೆಂದು ಓಡಿಬಂದವರ ಗತಿ ಏನಾಗಬೇಡ? ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಮಾತ್ರ ಈ ಲಸಿಕೆ ಸಿಗುತ್ತದೆ. ಹಾಕಿಸಿದ 10 ದಿನಗಳ ನಂತರವಷ್ಟೇ ಪತ್ರಕ್ಕೆ ಬೆಲೆ. ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಬಸುರಿಯರು, ಹಾಲೂಡಿಸುವ ತಾಯಂದಿರು, 9 ತಿಂಗಳೊಳಗಿನ ಕೂಸಿರುವವರು ಮೊದಲೇ ವೈದ್ಯರನ್ನು ಕಾಣಿ.

ನೈರೋಬಿ ಸಮುದ್ರಮಟ್ಟದಿಂದ ಸುಮಾರು 1,700 ಮೀಟರ್ ಎತ್ತರದಲ್ಲಿದೆ. ಹಾಗಾಗಿ ಅಲ್ಲಿ ಮಲೇರಿಯಾ ಕಡಿಮೆ. ಮೊಂಬಾಸಾ ಕಡಲತೀರಕ್ಕೋ ವಿಕ್ಟೋರಿಯಾ ಸರೋವರದ ಕಡೆಗೋ ಪ್ರವಾಸ ಹೋಗುವಾಗ ಮಾತ್ರ ವೈದ್ಯರ ಸಲಹೆಯಂತೆ ಮಾತ್ರೆ, ಸೊಳ್ಳೆಪರದೆ ಬೇಕು.

ಪೆಟ್ಟಿಗೆಯೊಳಗೆ ಏನು?

* ಸ್ವೆಟರ್ ಮರೆಯಬೇಡಿ. ಜೂನ್‌ನಿಂದ ಆಗಸ್ಟ್‌ವರೆಗೆ ನೈರೋಬಿಯಲ್ಲಿ ಮೈ ನಡುಗುವ ಚಳಿ.
* ಪ್ಲಾಸ್ಟಿಕ್ ಕವರ್ ಬೇಡವೇ ಬೇಡ. 2017ರ ಆಗಸ್ಟ್‌ನಿಂದ ಕೀನ್ಯಾದಲ್ಲಿ ಇವಕ್ಕೆ ನಿಷೇಧ. ಕಾನೂನಿನಲ್ಲಿ 40 ಲಕ್ಷ ಶಿಲಿಂಗ್‌ವರೆಗೆ ದಂಡ, 4 ವರ್ಷದವರೆಗೆ ಜೈಲು ಇದೆ. ಸಾರಿನಪುಡಿ, ಚಟ್ನಿಪುಡಿ ಡಬ್ಬಿಯಲ್ಲೋ ಬಟ್ಟೆಚೀಲದಲ್ಲೋ ಹೋಗಲಿ.
* ನಿಮ್ಮ ಮಿಕ್ಸಿ ಅಲ್ಲೂ ತಿರುಗುತ್ತದೆ. ಅಲ್ಲಿನ ಸಾಕೆಟ್‌ಗೆ ಚೌಕ ಪಿನ್ ಬೇಕು, ಪ್ಲಗ್ ಬದಲಿಸಿದರೆ ಸಾಕು.
* ಬಂಗಾರ ಊರಿನ ಲಾಕರ್‌ನಲ್ಲೇ ಇರಲಿ. ಸರ ಕಿತ್ತೋಡುವವರ ಕಾಟ ಅಲ್ಲೂ ಇದೆ. ಕತ್ತಲಾದ ಮೇಲೆ ಒಂಟಿಯಾಗಿ ನಡೆದು ಹೋಗಬೇಡಿ.

ರಾಗಿಯ ತವರು

ಊಟದ ಚಿಂತೆ ಬಿಡಿ. ನೈರೋಬಿಯ ಪಾರ್ಕ್‌ಲ್ಯಾಂಡ್ಸ್ ಕಡೆ ಬೇಳೆ, ಮಸಾಲೆ ಎಲ್ಲ ಸಿಗುತ್ತದೆ. ನೂರು ವರ್ಷಕ್ಕೂ ಹಿಂದೆ ರೈಲುಹಳಿ ಹಾಕಲು, ವ್ಯಾಪಾರ ಮಾಡಲು ಹೋದ ಭಾರತೀಯರ ಮೊಮ್ಮಕ್ಕಳು, ಮರಿಮಕ್ಕಳು ಅಲ್ಲಿದ್ದಾರೆ. ಚಪಾತಿಗೆ ಸ್ವಾಹಿಲಿಯಲ್ಲೂ ಚಪಾತಿ ಅಂತಲೇ ಅನ್ನುತ್ತಾರೆ. ಅಲ್ಲಿನವರ ದಿನನಿತ್ಯದ ಉಗಾಲಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆಯೇ! ಇನ್ನು ನಮ್ಮ ರಾಗಿ ಹುಟ್ಟಿದ್ದೇ ಪೂರ್ವ ಆಫ್ರಿಕಾದ ಎತ್ತರದ ನೆಲದಲ್ಲಿ. ಅಲ್ಲಿ ಅದಕ್ಕೆ 'ವಿಂಬಿ' ಅಂತ ಹೆಸರು, ಮಕ್ಕಳಿಗೆ ಅದರ ಗಂಜಿ ಕುಡಿಸುತ್ತಾರೆ.

ಹಾಗಾಗಿ ಅತ್ತೆಯವರಿಗೆ ಹೇಳಿ, ನೀವು ಹೋಗುತ್ತಿರುವುದು ಕಾಡಿಗಲ್ಲ, ರಾಗಿಯ ತವರಿಗೆ.

ಕೊನೆಯದಾಗಿ, ನಮ್ಮವರ ಮನೆಗಳಲ್ಲಿ ಅಲ್ಲಿನ ಜನರ ಬಣ್ಣ ಹಿಡಿದು ಆಡುವ ಹಗುರ ಮಾತು ನಿಮ್ಮ ಮಕ್ಕಳ ಕಿವಿಗೂ ಬಿದ್ದಿರುತ್ತದೆ. ಅದನ್ನು ಇಲ್ಲೇ ಬಿಡಿಸಿ. ಮನೆಗೆಲಸದವರನ್ನು ಹೆಸರು ಹಿಡಿದು, ಮರ್ಯಾದೆಯಿಂದ ಮಾತಾಡಿಸಲಿ. ತರಕಾರಿ ಮಾರುವಾಕೆಯನ್ನು ಅಲ್ಲಿ ಪ್ರೀತಿಯಿಂದ 'ಮಾಮಾ ಮ್ಬೋಗಾ' ಅಂತಾರೆ, ಅಂದರೆ ತರಕಾರಿ ಅಮ್ಮ. ಮೊದಲ ವಾರವೇ ಆಕೆಗೊಂದು 'ಹಬಾರಿ' ಹೇಳಿ ಕ್ಷೇಮ ವಿಚಾರಿಸಿ. ಗಂಡನ ಆಫೀಸಿನ ಬಳಗ ಗಂಡನದ್ದು. ಈ ಗೆಳತಿ ಮಾತ್ರ ನಿಮ್ಮವಳು.