ಜೇಬಿನಲ್ಲೊಂದು ಉಪಕರಣ ಪೆಟ್ಟಿಗೆ

ನಿಮ್ಮ ಮನೆಯಲ್ಲಿ ಈಳಿಗೆಮಣೆ ಇದ್ದರೆ ಅದನ್ನು ಒಮ್ಮೆ ಗಮನವಿಟ್ಟು ನೋಡಿ. ಬಾಗಿದ ಅಲಗಿನಲ್ಲಿ ತರಕಾರಿ ಹೆಚ್ಚಬಹುದು. ಅದೇ ಅಲಗಿನ ತುದಿಯಲ್ಲಿರುವ ಹಲ್ಲುಗಳಿಂದ ತೆಂಗಿನಕಾಯಿ ತುರಿಯಬಹುದು. ಉಗುರು ಕತ್ತರಿಸುವ ನೇಲ್ ಕಟರ್‌ಗಳಲ್ಲೂ ಎಷ್ಟೋ ವೇಳೆ ಒಂದು ಅರ, ಒಂದು ಪುಟ್ಟ ಚಾಕು ಮಡಚಿಕೊಂಡಿರುತ್ತವೆ. ಒಂದೇ ವಸ್ತುವಿನಲ್ಲಿ ಹಲವು ಉಪಕರಣಗಳನ್ನು ಸೇರಿಸುವ ಈ ಉಪಾಯದ ಇನ್ನಷ್ಟು ಬೆಳೆದ ರೂಪವೇ ಜೇಬಿನಲ್ಲಿ ಒಯ್ಯುವ ಬಹೂಪಯೋಗಿ ಉಪಕರಣ, ಅಂದರೆ ಮಲ್ಟಿಟೂಲ್. ಹೊರಾಂಗಣ ಚಿತ್ರೀಕರಣಕ್ಕೆ ಹೋಗುವಾಗ ಇಂಥದೊಂದನ್ನು ನಾನು ಹಲವು ವರ್ಷಗಳಿಂದ ಜೊತೆಯಲ್ಲಿ ಇಟ್ಟುಕೊಳ್ಳುತ್ತಿದ್ದೇನೆ. ಅದರ ಹಿಂದಿರುವ ವಿಜ್ಞಾನವೇನು? ಬಳಕೆಯಲ್ಲಿ ಅದು ಎಷ್ಟು ಉಪಯುಕ್ತ? ಎಲ್ಲಿ ಅಪಾಯಕಾರಿ?

ಹುಟ್ಟಿದ ಬಗೆ

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸ್ವಿಟ್ಜರ್ಲೆಂಡ್ ಸೈನ್ಯಕ್ಕೆ ಹೊಸ ಬಂದೂಕು ಬಂತು. ಅದನ್ನು ಬಿಚ್ಚಿ ಜೋಡಿಸಲು ಸ್ಕ್ರೂಡ್ರೈವರ್ ಬೇಕಾಯಿತು. ಡಬ್ಬಿಯಲ್ಲಿ ಬರುತ್ತಿದ್ದ ಆಹಾರವನ್ನು ತೆರೆಯಲು ಇನ್ನೊಂದು ಸಾಧನ ಬೇಕಾಯಿತು. ಎರಡನ್ನೂ ಚಾಕುವಿನ ಜೊತೆ ಸೇರಿಸಿದ ಸೈನಿಕರ ಚಾಕು ಹೀಗೆ ರೂಪುಗೊಂಡಿತು. ಈಬಾಖ್ ಎಂಬ ಊರಿನ ಚಾಕು ತಯಾರಕ ಕಾರ್ಲ್ ಎಲ್ಸನರ್ 1891ರಲ್ಲಿ ಇದನ್ನು ಸೈನ್ಯಕ್ಕೆ ಒದಗಿಸತೊಡಗಿದರು. 1897ರಲ್ಲಿ ಹೆಚ್ಚು ಉಪಕರಣಗಳಿದ್ದೂ ಹಗುರವಾದ ಇನ್ನೊಂದು ಚಾಕುವಿನ ವಿನ್ಯಾಸವನ್ನು ನೋಂದಾಯಿಸಿದರು. ಅದರ ಗುಟ್ಟು ಸರಳವಾಗಿತ್ತು. ಒಂದೇ ಸ್ಪ್ರಿಂಗ್ ಹಿಡಿಕೆಯ ಎರಡೂ ಬದಿಯ ಉಪಕರಣಗಳನ್ನು ಒತ್ತಿ ಹಿಡಿಯುವಂತೆ ಮಾಡಿದ್ದರು.

ಎರಡನೆಯ ಮುಖ್ಯ ಹೆಜ್ಜೆ ಇಟ್ಟವರು ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರ್ ಟಿಮ್ ಲೆದರ್‌ಮನ್. 1975ರಲ್ಲಿ ಪತ್ನಿಯೊಡನೆ ಹಳೆಯ ಫಿಯಟ್ ಕಾರಿನಲ್ಲಿ ಯುರೋಪ್ ಸುತ್ತುತ್ತಿದ್ದಾಗ ಕಾರು ಮತ್ತೆ ಮತ್ತೆ ಕೆಡುತ್ತಿತ್ತು. ಜೇಬಿನಲ್ಲಿ ಚಾಕು ಇತ್ತು, ಆದರೆ ಬೇಕಾಗಿದ್ದದ್ದು ಇಕ್ಕಳ, ನಾವು ಕಟಿಂಗ್ ಪ್ಲೇಯರ್ ಎನ್ನುವ ಸಾಧನ. ಊರಿಗೆ ಮರಳಿ ಅವರು ಮಡಚುವ ಪ್ಲೇಯರ್ ಒಂದನ್ನು ರೂಪಿಸಿದರು. ಪೇಟೆಂಟ್ ದೊರೆತದ್ದು 1980ರಲ್ಲಿ, ಮಾರುಕಟ್ಟೆಗೆ ಬಂದದ್ದು 1983ರಲ್ಲಿ. ನಡುವಿನ ವರ್ಷಗಳಲ್ಲಿ ಕಂಪನಿಗಳು ಅದನ್ನು ಬೇಡವೆಂದೇ ಹೇಳುತ್ತಿದ್ದವು.

ಒಳಗಿನ ವಿಜ್ಞಾನ

ಚಾಕುವಿನ ಎಲ್ಲ ಭಾಗಗಳನ್ನೂ ಒಂದೇ ಗಡಸಿನ ಉಕ್ಕಿನಿಂದ ಮಾಡಬಹುದಲ್ಲವೇ? ಮಾಡಿದರೆ ಕೆಲಸ ಕೆಡುತ್ತದೆ. ಉಕ್ಕು ಗಡಸಾದಷ್ಟೂ ಅದರ ಬಾಯಿ ಹರಿತವಾಗಿ ಉಳಿಯುತ್ತದೆ, ಆದರೆ ಬಾಗಿಸಿದರೆ ಬೇಗ ಮುರಿಯುತ್ತದೆ. ಆದ್ದರಿಂದ ಸ್ವಿಸ್ ಚಾಕುಗಳಲ್ಲಿ ಅಲಗಿನ ಗಡಸುತನ ರಾಕ್‌ವೆಲ್ ಮಾಪನದಲ್ಲಿ 56. ಕತ್ತರಿ, ಗರಗಸಗಳಿಗೆ 53. ತಿರುಚುವ ಬಲ ತಾಳಬೇಕಾದ ಸ್ಕ್ರೂಡ್ರೈವರ್‌ಗೆ 52. ಸದಾ ಬಾಗಿ ನೆಟ್ಟಗಾಗುವ ಸ್ಪ್ರಿಂಗ್‌ಗೆ 49. ಉಕ್ಕನ್ನು ಕಾಯಿಸಿ, ತಣಿಸಿ, ಮತ್ತೆ ಮಿತವಾಗಿ ಕಾಯಿಸಿ ಈ ಹದ ಕೊಡುತ್ತಾರೆ. ಚಾಕುವಿನ ತುದಿಯಿಂದ ಸ್ಕ್ರೂ ತಿರುಗಿಸಬಾರದು ಎಂದು ಹಿರಿಯರು ಹೇಳುವುದು ಇದಕ್ಕೇ. ಕೊಯ್ಯಲು ಹದಗೊಳಿಸಿದ ಉಕ್ಕು ತಿರುಚಿದಾಗ ಮುರಿಯುತ್ತದೆ.

ಪ್ಲೇಯರ್ ಕೆಲಸ ಮಾಡುವುದು ನೀವು ಓದಿರುವ ಸನ್ನೆಯ ತತ್ತ್ವದಿಂದ. ಕೀಲಿನಿಂದ 9 ಸೆಂ.ಮೀ. ದೂರದಲ್ಲಿ ನೀವು ಹಿಡಿಕೆಯನ್ನು ಅದುಮುತ್ತೀರಿ ಎನ್ನೋಣ. ಕೀಲಿನಿಂದ 3 ಸೆಂ.ಮೀ. ದೂರದ ಮೂತಿಯಲ್ಲಿ ನಿಮ್ಮ ಬಲ ಮೂರು ಪಟ್ಟಾಗುತ್ತದೆ. ಕೀಲಿಗೆ ಕೇವಲ 1 ಸೆಂ.ಮೀ. ಹತ್ತಿರದಲ್ಲಿ ಅದು ಒಂಬತ್ತು ಪಟ್ಟು. ತಂತಿ ಕತ್ತರಿಸುವ ಭಾಗ ಯಾವಾಗಲೂ ಕೀಲಿನ ಪಕ್ಕದಲ್ಲೇ ಏಕಿರುತ್ತದೆ ಎಂಬುದಕ್ಕೆ ಇದೇ ಉತ್ತರ. ಅಡಕತ್ತರಿಯಲ್ಲೂ ಅಡಿಕೆಯನ್ನು ಕೀಲಿನ ಹತ್ತಿರವೇ ಇಡುತ್ತಾರೆ, ನೋಡಿದ್ದೀರಲ್ಲ?

ಬಳಕೆಯ ಅನುಭವ

ಹತ್ತಾರು ಉಪಕರಣಗಳಿದ್ದರೂ ದಿನವೂ ಬೇಕಾಗುವುದು ಮೂರು ನಾಲ್ಕೇ: ಚಿಕ್ಕ ಅಲಗು, ಕತ್ತರಿ, ಚಪ್ಪಟೆ ಸ್ಕ್ರೂಡ್ರೈವರ್, ಪ್ಲೇಯರ್. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಕೂರಿಸುವ ಸ್ಕ್ರೂ ಬಿಗಿ ಮಾಡಲು, ಟೇಪ್ ಕತ್ತರಿಸಲು, ಹಳ್ಳಿಯ ಶಾಲೆಯ ಮುರುಕು ಬೆಂಚಿನಿಂದ ಎದ್ದ ಮೊಳೆ ಕೀಳಲು ನನಗೆ ಒದಗಿದ್ದು ಇವೇ. ಉಳಿದವು ವರ್ಷಕ್ಕೊಮ್ಮೆ ಹೊರಬಂದರೆ ಹೆಚ್ಚು.

ಪ್ರತಿಯೊಂದು ಉಪಕರಣವೂ ತನ್ನ ಪೂರ್ಣ ಗಾತ್ರದ ಅಣ್ಣನಿಗಿಂತ ಒಂದು ತೂಕ ಕಡಿಮೆಯೇ. ಸ್ಕ್ರೂಡ್ರೈವರ್ ಹಿಡಿಕೆಯ ಮಧ್ಯದಿಂದ ಹೊರಡದೆ ಬದಿಯಿಂದ ಹೊರಡುವುದರಿಂದ ಮೂಲೆಯ ಸ್ಕ್ರೂಗಳಿಗೆ ಎಟುಕುವುದಿಲ್ಲ. ಮಡಚುವ ಪ್ಲೇಯರ್‌ನ ಹಿಡಿಕೆ ತೆಳುವಾಗಿದ್ದರೆ ಗಟ್ಟಿಯಾಗಿ ಅದುಮಿದಾಗ ಅಂಗೈಗೆ ಒತ್ತುತ್ತದೆ. ಅದೇ ಬಲ ಕಡಿಮೆ ವಿಸ್ತೀರ್ಣದ ಮೇಲೆ ಬಿದ್ದರೆ ಒತ್ತಡ ಹೆಚ್ಚು ತಾನೆ! ಭಾರದ ಮಾತೂ ಇದೆ. ಸಾಧಾರಣ ಸ್ವಿಸ್ ಚಾಕು ಸುಮಾರು 60 ಗ್ರಾಂ. ದೊಡ್ಡ ಪ್ಲೇಯರ್ ಮಾದರಿ ಸುಮಾರು 240 ಗ್ರಾಂ ತೂಗಿ ಷರಟಿನ ಜೇಬನ್ನು ಜೋತುಬೀಳಿಸುತ್ತದೆ.

ಹಾಗಾದರೆ ಇದರ ಹೆಚ್ಚುಗಾರಿಕೆ ಏನು? ಬೇಕಾದ ಗಳಿಗೆಯಲ್ಲಿ ಅದು ನಮ್ಮ ಬಳಿ ಇರುತ್ತದೆ. 1995ರ ನವೆಂಬರಿನಲ್ಲಿ ಗಗನಯಾತ್ರಿ ಕ್ರಿಸ್ ಹ್ಯಾಡ್‌ಫೀಲ್ಡ್ ಮತ್ತು ಸಂಗಡಿಗರು ರಷ್ಯಾದ ಮಿರ್ ನಿಲ್ದಾಣವನ್ನು ತಲುಪಿದಾಗ, ಅತಿಯಾಗಿ ಬಿಗಿದು ಕಟ್ಟಿದ್ದ ಬಾಗಿಲನ್ನು ಬಿಡಿಸಿದ್ದು ಇಂಥದೇ ಸ್ವಿಸ್ ಚಾಕು. ಅಲ್ಲಿ ಅಂಗಡಿಗೆ ಓಡಿಹೋಗಿ ಸಾಮಾನು ತರುವಂತಿರಲಿಲ್ಲ.

ಎಚ್ಚರಿಕೆ ಬೇಕು

ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ.

ಸಾಮಾನ್ಯ ಸ್ವಿಸ್ ಚಾಕುವಿನ ಅಲಗನ್ನು ತೆರೆದ ಸ್ಥಿತಿಯಲ್ಲಿ ಹಿಡಿದಿಡುವುದು ಸ್ಪ್ರಿಂಗ್ ಮಾತ್ರ, ಬೀಗವಿಲ್ಲ. ಮೊನೆಯನ್ನು ಗಟ್ಟಿ ವಸ್ತುವಿಗೆ ಚುಚ್ಚಿ ಒತ್ತಿದರೆ ಅಲಗು ಹಿಂದಕ್ಕೆ ಮಡಚಿ ಬೆರಳನ್ನು ಕೊಯ್ಯುತ್ತದೆ. ಕೊಯ್ಯುವಾಗ ಅಲಗು ದೇಹದಿಂದ ದೂರಕ್ಕೆ ಚಲಿಸುವಂತಿರಲಿ.

ವಿದ್ಯುತ್ತಿನ ಕೆಲಸಕ್ಕೆ ಇದನ್ನು ಬಳಸಲೇಬೇಡಿ. ಮಲ್ಟಿಟೂಲ್‌ನ ಹಿಡಿಕೆ ಉಕ್ಕಿನದು. ಮೂತಿ 230 ವೋಲ್ಟಿನ ತಂತಿಗೆ ತಗುಲಿದರೆ ವಿದ್ಯುತ್ ನೇರ ನಿಮ್ಮ ಕೈಗೆ ಬರುತ್ತದೆ. ಸ್ವಿಸ್ ಚಾಕುವಿನ ಕೆಂಪು ಪ್ಲಾಸ್ಟಿಕ್ ಹೊದಿಕೆಯನ್ನೂ ನಂಬಬೇಡಿ. ಬೆನ್ನಿನ ಸ್ಪ್ರಿಂಗ್ ಬರಿಯ ಲೋಹ, ನಿಮ್ಮ ಬೆರಳು ಅದರ ಮೇಲೇ ಇರುತ್ತದೆ. ಎಲೆಕ್ಟ್ರಿಷಿಯನ್ ಬಳಸುವ ನಿರೋಧಕ ಹೊದಿಕೆಯ ಪ್ಲೇಯರ್ ಬೇರೆಯೇ ವಸ್ತು.

ಶಾಲೆಗೆ, ಪರೀಕ್ಷಾ ಕೊಠಡಿಗೆ ಅಲಗಿರುವ ಯಾವ ಉಪಕರಣವನ್ನೂ ಒಯ್ಯಬಾರದು. ವಿಮಾನ ಪ್ರಯಾಣದಲ್ಲಿ ಕೈಚೀಲದಲ್ಲಿಟ್ಟರೆ ಭದ್ರತಾ ತಪಾಸಣೆಯಲ್ಲೇ ಅದನ್ನು ಕಳೆದುಕೊಳ್ಳುತ್ತೀರಿ. ಒಪ್ಪಿಸಿ ಕಳಿಸುವ ಪೆಟ್ಟಿಗೆಯಲ್ಲಿಡಬೇಕು.

ಕಾಪಾಡುವುದು ಹೇಗೆ?

ತುಕ್ಕು ಹಿಡಿಯದ ಉಕ್ಕಿನಲ್ಲಿ ಕ್ರೋಮಿಯಂ ಶೇಕಡಾ 10.5ಕ್ಕಿಂತ ಹೆಚ್ಚಿರುತ್ತದೆ. ಅದು ಗಾಳಿಯ ಆಮ್ಲಜನಕದೊಡನೆ ಸೇರಿ ತೆಳುವಾದ ರಕ್ಷಾಪದರವನ್ನು ರಚಿಸುತ್ತದೆ. ಆದರೂ ನಿಂಬೆಹಣ್ಣು, ಉಪ್ಪು ಸವರಿದ ಮಾವಿನಕಾಯಿ ಕೊಯ್ದ ಮೇಲೆ ತೊಳೆದು, ಒರೆಸಿ, ಆರಿಸಿಯೇ ಮಡಚಬೇಕು. ಕೀಲುಗಳಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದು ತೊಟ್ಟು ಸಾಕು. ಕೊಬ್ಬರಿ ಎಣ್ಣೆ ಚಳಿಗೆ ಹೆಪ್ಪುಗಟ್ಟುವುದರಿಂದ ಬೇಡ.

ಕೊಳ್ಳುವ ಮುನ್ನ ಒಂದು ಚಿಕ್ಕ ಪ್ರಯೋಗ ಮಾಡಿ. ಒಂದು ವಾರ ಕಾಲ ನಿಮಗೆ, ಮನೆಯವರಿಗೆ ಯಾವ ಯಾವ ಉಪಕರಣ ಎಷ್ಟು ಸಲ ಬೇಕಾಯಿತೆಂದು ಪುಸ್ತಕದಲ್ಲಿ ಬರೆದಿಡಿ. ಸ್ಕ್ರೂಡ್ರೈವರ್ ಒಂದೇ ಪದೇ ಪದೇ ಬಂದಿದ್ದರೆ ಒಳ್ಳೆಯ ಸ್ಕ್ರೂಡ್ರೈವರ್ ಒಂದನ್ನೇ ಕೊಳ್ಳಿ, ಖರ್ಚೂ ಕಡಿಮೆ, ಕೆಲಸವೂ ಚೆನ್ನ. ನಾಲ್ಕೈದು ಉಪಕರಣಗಳು ಮನೆಯಿಂದ ದೂರವಿದ್ದಾಗಲೇ ಬೇಕಾಗಿದ್ದರೆ, ಆಗ ಮಲ್ಟಿಟೂಲ್ ನಿಮ್ಮ ಜೇಬಿಗೆ ತಕ್ಕ ಸಂಗಾತಿ.